ಕೇಳ್ರಿ, ಹೇಳ್ತೀನಿ: ಕಪ್ಪತಗುಡ್ಡದ ಬಂಗಾರ, ಬಂಕಾಪುರದ ಎತ್ತು

ಈ ಸಲ ಬಂದ ಪತ್ರದಾಗ ಅರ್ಧಕ್ಕರ್ಧ ಗದಗ ಜಿಲ್ಲೆ ಕಪ್ಪತಗುಡ್ಡದ ಹಳೇ ಬಂಗಾರದ ಗಣಿ ಬಗ್ಗೆನ, ಯಾರೋ ಎಲ್ಲೋ ವಿಡಿಯೋ ಹಾಕಿರಬೇಕು. ಉಳಿದವು ದನಾ ಕುರಿ ಹಕ್ಕಿ ಅಂತ ಬಂದಾವ. ಎರಡೂ ಒಂದ ಸೀಮಿ ಕಥಿ ಆದ್ದರಿಂದ ಕೂಡಿಸಿ ಉತ್ತರ ಕೊಟ್ಟೀನಿ.

ಪ್ರಶ್ನೆ: ಸರ್, ನಾವು ಹುಬ್ಬಳ್ಳಿಯವರು. ಗದಗ ಹತ್ರ ಕೋಲಾರದಂಗ ಬಂಗಾರದ ಗಣಿ ಇತ್ತಂತ, ಇನ್ನೂ ಬಾವಿ ಅದಾವಂತ, ಮಕ್ಕಳಿಗೆ ತೋರಸಬೇಕಂತ ಮಾಡೀವಿ. ಟಿಕೆಟ್ ಎಷ್ಟು, ಗೈಡ್ ಸಿಗ್ತಾರೇನು?
(ಒಬ್ಬ ಓದುಗರು, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಟಿಕೆಟ್ಟೂ ಇಲ್ಲ, ಗೈಡೂ ಇಲ್ಲರಿ, ಒಳಗ ಹೋಗಾಕ ಪರವಾನಗಿನೂ ಇಲ್ಲ. ಕೋಲಾರದಂಗ ಅಂತ ತಲ್ಯಾಗ ಇಟ್ಕೊಂಡು ಹೋದ್ರ ನಿರಾಶೆ ಆಗ್ತದ, ಯಾಕಂದ್ರ ಅಲ್ಲೆ ನೂರು ವರ್ಷದ ಮ್ಯಾಲ ನಡದ ಗಣಿ, ಊರಿಗೆ ಊರ ಕಟ್ಟಿದ್ರು, 2001ರಾಗ ಮುಚ್ಚೋತನಕ ಸಾವಿರಾರು ಮಂದಿ ಹೊಟ್ಟಿ ಅದರ ಮ್ಯಾಲ ಇತ್ತು. ನಮ್ಮ ಕಪ್ಪತಗುಡ್ಡದ್ದು ಬ್ಯಾರೆ ಕಥಿ. ಇಲ್ಲೆ ಮೊದಲಿಂದ ಬಂಗಾರ ಸಿಕ್ಕಿದ್ದು ಹಳ್ಳದಾಗ. ಮಳಿಗಾಲ ಮುಗಿದ ಮ್ಯಾಲ ಡೋಣಿ, ಸೊರಟೂರ ಸುತ್ತಿನ ಹಳ್ಳದಾಗ ಜಾಲಗಾರರು ಅನ್ನೋರು ಮಳಲು ಜಾಲಿಸಿ ಕಣ ಕಣ ಬಂಗಾರ ತೆಗಿತಿದ್ರು, ಮರದ ಮರಗಿ ಒಳಗ ಮಳಲು ಹಾಕಿ ನೀರು ಬಿಟ್ಟು ತಿರಗಿಸಿ ತಿರಗಿಸಿ ಹಗರದ್ದೆಲ್ಲಾ ಹೊರಗ ಚೆಲ್ಲಿದ್ರ ತೂಕದ್ದು ತಳಕ್ಕ ನಿಲ್ತದ, ಅಷ್ಟ ಅದರ ವಿದ್ಯಾ. ದಿನಾ ಎಲ್ಲಾ ಬಗ್ಗಿ ಮಾಡಿದ್ರೂ ಕೂಲಿ ಗಿಟ್ಟಿದ್ರ ಪುಣ್ಯ ಅನ್ನೋ ಕಸಬು ಅದು.

1870ರ ದಶಕದಾಗ ರಾಬರ್ಟ್ ಬ್ರೂಸ್ ಫೂಟ್ ಅನ್ನೋ ಭೂವಿಜ್ಞಾನಿ ಇಲ್ಲೆ ಬಂದು ಗುಡ್ಡಾ ಹಳ್ಳಾ ಎಲ್ಲಾ ಅಡ್ಡಾಡಿ, ಡಂಬಳ ಗುಡ್ಡದ ಬಂಗಾರದ ಕಲ್ಲಿನ ಬಗ್ಗೆ 1874ರಾಗ ವರದಿ ಬರದ. (ಇವನ 1863ರಾಗ ಮದ್ರಾಸ್ ಬಾಜೂಕಿನ ಪಲ್ಲಾವರಂದಾಗ ಹಳೇ ಶಿಲಾಯುಗದ ಕಲ್ಲಿನ ಹತಾರ ಹುಡಕಿದಾವ, ಒಂದ ಜೀವಮಾನದಾಗ ಎಷ್ಟು ಕೆಲಸ ಮಾಡ್ಯಾನ ನೋಡ್ರಿ.) ಆಮ್ಯಾಲ ಇಂಗ್ಲಿಷ್ ಕಂಪನಿಗೋಳು ಬಂದ್ವು, 20ನೇ ಶತಮಾನದ ಮೊದಲ ಹತ್ತು ವರ್ಷದಾಗ ಕಬಲಾಯತಕಟ್ಟಿ ಸುತ್ತಲೂ ಬಾವಿ ತೋಡಿ ಕೆಲಸ ಶುರು ಮಾಡಿದ್ರು, ಒಂದು ಗಣಿಗೆ ಸಾಂಗ್ಲಿ ಗಣಿ ಅಂತನ ಹೆಸರು, ಶಿರಹಟ್ಟಿ ಸೀಮಿ ಆವಾಗ ಸಾಂಗ್ಲಿ ಸಂಸ್ಥಾನಕ್ಕ ಸೇರಿತ್ತಲ್ಲ. ಆದ್ರ ಖರ್ಚಿಗೆ ತಕ್ಕ ಬಂಗಾರ ಬರಲಿಲ್ಲ, ಬಂಗಾರ ಇರೋ ಬೆಣಚುಕಲ್ಲಿನ ಎಳಿ ಇಲ್ಲಿ ಸಿಕ್ತು ಅಲ್ಲಿ ಕಟ್ಟಾತು ಅನ್ನೋ ಹಂಗ, ಭಾಳ ವರ್ಷ ನಡೀಲಿಲ್ಲ, ಗಂಟುಮೂಟಿ ಕಟ್ಕೊಂಡು ಹೋದ್ರು.

ಈಗ ಉಳದಿರೋದು ಮುಳ್ಳುಕಂಟಿ ಮುಚ್ಚಿದ ಬಾವಿ, ಕಲ್ಲಿನ ದಿಬ್ಬ. ಹುಲ್ಲು ಬೆಳೆದ ಮ್ಯಾಲ ಬಾಯಿ ಎಲ್ಲಿ ಐತಿ ಅಂತನ ಕಾಣಂಗಿಲ್ಲ, ಕಾಲು ಜಾರಿದ್ರ ತಳ ಸಿಗಂಗಿಲ್ಲ, ಮ್ಯಾಲ ಹಳೇ ಬಾವಿಯಾಗ ಉಸಿರು ಕಟ್ಟೋ ಗಾಳಿ ನಿಂತಿರ್ತದ. ಅದೂ ಅಲ್ಲದ ಗುಡ್ಡದ ಭಾಳ ಭಾಗ ಈಗ ವನ್ಯಜೀವಿ ಧಾಮ, ಅರಣ್ಯ ಇಲಾಖೆ ಅನುಮತಿ ಇಲ್ಲದ ಒಳಗ ಸುತ್ತೋದು ಅಪರಾಧ. ಮಕ್ಕಳನ್ನ ಕರ್ಕೊಂಡು ಗಣಿ ಬಾವಿ ಹುಡಕ್ಕೊಂಡು ಹೋಗಬ್ಯಾಡ್ರಿ, ಖಡಾಖಂಡಿತ ಹೇಳ್ತೀನಿ. ಬಂಗಾರದ ಕಥಿನ ತೋರಸಬೇಕಂದ್ರ ಲಕ್ಕುಂಡಿಗೆ ಕರ್ಕೊಂಡು ಹೋಗ್ರಿ, ಅದರ ಬಗ್ಗೆ ಕೆಳಗ ಬರದೀನಿ.

ಪ್ರಶ್ನೆ: ನಾನು ಧಾರವಾಡದಾಗ ಡಿಗ್ರಿ ಓದಾಕತ್ತೀನಿ. ನಮ್ಮ ಕಡೆ ಕಲ್ಲಿಗೆ ಜಗತ್ತಿನ ತುಂಬ ಧಾರವಾಡ ಅಂತಾರಂತ ನಮ್ಮ ಮೇಷ್ಟ್ರು ಹೇಳಿದ್ರು, ಖರೇನಾ? ಮತ್ತ ಗುಡ್ಡದಾಗ ಈಗೂ ಬಂಗಾರ ಐತೇನು? ಹಳ್ಳದಾಗ ನಾವೂ ಟ್ರೈ ಮಾಡಬಹುದಾ?

ಉತ್ತರ: ಖರೇ. ಅದೂ ಅದ ಫೂಟ್ ಸಾಹೇಬಂದ ಕೆಲಸ, 1880ರ ದಶಕದಾಗ ಈ ಕಲ್ಲಿನ ಪಟ್ಟಿಗೆ ಧಾರವಾಡ ಹೆಸರಿಟ್ಟ, ಅದ ಈಗ ಅಂತರರಾಷ್ಟ್ರೀಯ ಪುಸ್ತಕದಾಗ ನಡೀತದ. 250 ಕೋಟಿ ವರ್ಷಕ್ಕಿಂತ ಹಳೇ ಕಲ್ಲು ಇವು. ಸಮುದ್ರದಡಿ ಹರಿದ ಲಾವಾ, ಅದರ ಮ್ಯಾಲ ಕೂತ ಕೆಸರು, ಎಲ್ಲಾ ಒತ್ತಿ ಮಡಿಚಿ ಎದ್ದು ನಿಂತು ಆಮ್ಯಾಲ ಬಿರುಕು ಬಿಟ್ಟಾಗ ಕೆಳಗಿಂದ ಬಿಸಿನೀರು ಏರಿ ಬೆಣಚು ಕಟ್ಟಿತು, ಆ ಬೆಣಚಿನಾಗ ಬಂಗಾರ ಕೂತಿತು. ಕೋಲಾರ, ರಾಯಚೂರು ಜಿಲ್ಲೆ ಹಟ್ಟಿ, ನಮ್ಮ ಗದಗ, ಮೂರೂ ಇಂಥ ಹಳೇ ಪಟ್ಟಿ ಮ್ಯಾಲನ ಇರೋದು. ಹಟ್ಟಿಯಾಗ ಇವತ್ತಿಗೂ ತೆಗೀತಾರ.

ಬಂಗಾರ ಐತೇನು ಅಂದ್ರ ಐತಿ, ಆದ್ರ ಟನ್‌ಗಟ್ಟಲೆ ಕಲ್ಲು ಪುಡಿ ಮಾಡಿದ್ರ ಗ್ರಾಂ ಲೆಕ್ಕದಾಗ ಸಿಗೋ ಅಂಥಾದ್ದು. ಆ ಪುಡಿ ಮಾಡೋದಕ್ಕ ಗುಡ್ಡಾನ ಹೋಗ್ತದ. ಧಾಮದ ಒಳಗ ಹಳ್ಳಾ ಅಗಿಯೋದು, ಕಲ್ಲು ಒಡಿಯೋದು, ಚೀಲದಾಗ ಹಾಕ್ಕೊಂಡು ಬರೋದು ಯಾವ್ದೂ ನಡಿಯಂಗಿಲ್ಲ ತಮ್ಮಾ. ಕಲ್ಲು ನೋಡಬೇಕಂತ ಆಸಿ ಇದ್ರ ಡಂಬಳದ ಕಡಿಂದ ರಸ್ತಾದಾಗ ಹೋಗು, ರಸ್ತಾ ಕಡದಲ್ಲೆ ಹಸರು ಬಣ್ಣದ ಕಲ್ಲು, ತುಕ್ಕಿನ ಬಣ್ಣದ ಕಬ್ಬಿಣದ ಕಲ್ಲಿನ ಪದರು ಚಂದ ಕಾಣ್ತಾವ, ನಿಂತು ನೋಡು, ಫೋಟೋ ಹೊಡಿ.

ಪ್ರಶ್ನೆ: ಗುಡ್ಡದ ಮ್ಯಾಲ ರಾತ್ರಿ ಟೆಂಟ್ ಹಾಕಿ ಕ್ಯಾಂಪ್‌ಫೈರ್ ಮಾಡಬಹುದಾ?

ಉತ್ತರ: ಬ್ಯಾಡ. ಬ್ಯಾಸಗಿ ಬಂತಂದ್ರ ಪ್ರತಿ ವರ್ಷ ಅಲ್ಲೆ ಬೆಂಕಿ ಹತ್ತಿ ಹುಲ್ಲಗಾವಲು ಸುಡ್ತದ, ಕಿಡಿ ಒಂದು ಸಾಕು.

ಪ್ರಶ್ನೆ: ನಮಸ್ಕಾರ. ಬೆಂಗಳೂರಾಗ ಇರೋ ಮಗಳು ಅಳಿಯ ಬರಾಕತ್ತಾರ, ಹುಬ್ಬಳ್ಳಿಯಿಂದ ಒಂದು ದಿನದಾಗ ಗದಗ ಸುತ್ತಲಿಂದು ತೋರಸಬೇಕು. ಏನು ಬಿಡಬೇಕು ಏನು ನೋಡಬೇಕು ಹೇಳ್ರಿ. ನನಗ ಮೊಳಕಾಲು ನೋವು, ಭಾಳ ಹತ್ತಾಕ ಆಗಂಗಿಲ್ಲ.
(ಒಬ್ಬ ನಿವೃತ್ತ ಶಿಕ್ಷಕಿ, ಹುಬ್ಬಳ್ಳಿ)

ಉತ್ತರ: ಅಕ್ಕಾರ, ಮುಂಜಾನೆ ಲಗೂನ ಬಿಡ್ರಿ, ಗದಗ ಸುಮಾರು 58 ಕಿಲೋಮೀಟರ್, ರಸ್ತಾ ಚಲೋ ಐತಿ, ರೈಲಿನ್ಯಾಗೂ ಬರಬಹುದು ಆದ್ರ ಮುಂದ ಗಾಡಿ ಬೇಕಾಗ್ತದ. ಗದಗ ಊರಾಗ ಎರಡ ನೋಡ್ರಿ, ತ್ರಿಕೂಟೇಶ್ವರ ಗುಡಿ, ಅದರ ಹಿಂದಿನ ಸರಸ್ವತಿ ಗುಡಿ (ಆ ಕಂಬದ ಕೆತ್ತನಿ ಮುಟ್ಟಬೇಕಂತ ಕೈ ಹೋಗ್ತದ, ಮುಟ್ಟಬ್ಯಾಡ್ರಿ), ಆಮ್ಯಾಲ ವೀರನಾರಾಯಣ ಗುಡಿ, ಕುಮಾರವ್ಯಾಸ ಕೂತು ಬರದಾ ಅನ್ನೋ ಕಂಬ ಅಲ್ಲೆ ಐತಿ. ಬಿಂಕದಕಟ್ಟಿ ಮೃಗಾಲಯ ಸಣ್ಣ ಮಕ್ಕಳಿದ್ರ ಹೋಗ್ರಿ, ಇಲ್ಲಂದ್ರ ಬಿಡ್ರಿ.

ಅಲ್ಲಿಂದ ಸುಮಾರು 12 ಕಿಲೋಮೀಟರ್ ಲಕ್ಕುಂಡಿ. ನನ್ನ ಕೇಳಿದ್ರ ಅರ್ಧ ದಿನಾ ಇಲ್ಲೇ ಹಾಕ್ರಿ. ಲೊಕ್ಕಿಗುಂಡಿ ಅನ್ನೋ ಹಳೇ ಕಾಲದ ಈ ಊರಾಗ ಟಂಕಸಾಲೆ ಇತ್ತು, ಇಲ್ಲಿ ಬಂಗಾರದ ನಾಣ್ಯಕ್ಕ ಲೊಕ್ಕಿ ಗದ್ಯಾಣ ಅಂತ ಶಾಸನದಾಗ ಬರ್ತದ. ದಾನಚಿಂತಾಮಣಿ ಅತ್ತಿಮಬ್ಬೆ 1007ರಾಗ ಕಟ್ಟಿಸಿದ ಬ್ರಹ್ಮಜಿನಾಲಯ ಇಲ್ಲೇ, ಆಕಿ 1500 ಬಂಗಾರದ ಜಿನಬಿಂಬ ಮಾಡಿಸಿ ದಾನ ಕೊಟ್ಲು ಅಂತಾರ. ಹಿಂದ ಇಂಗ್ಲಿಷರು ಬಾವಿ ತೋಡಿ ಹೋಗಿದ್ದು ಒಂದು ಕಡೆ, ಅದಕ್ಕಿಂತ ಒಂಬತ್ತುನೂರು ವರ್ಷ ಮೊದಲ ಈ ಊರಾಗ ಬಂಗಾರ ಕೈಯಿಂದ ಕೈಗೆ ಓಡಾಡಿದ್ದು ಇನ್ನೊಂದು ಕಡೆ, ನೋಡೋದಕ್ಕ ಉಳದಿರೋದು ಎರಡನೇದ್ದರ ಗುರ್ತು ಮಾತ್ರ. ಕಾಶಿ ವಿಶ್ವನಾಥ ಗುಡಿ ಬಾಗಿಲ ಚೌಕಟ್ಟು ಮುಂದ ಸುಮ್ನ ಹತ್ತು ನಿಮಿಷ ನಿಲ್ರಿ, ಎದರೀಗೆ ನನ್ನೇಶ್ವರ ಗುಡಿ ಐತಿ. ಮುಸುಕಿನ ಬಾವಿ ಮ್ಯಾಲಿಂದ ನೋಡಿದ್ರೂ ಸಾಕು, ಮೆಟ್ಟಲ ಕಡಿದು ಅದಾವ, ನಿಮ್ಮ ಮೊಳಕಾಲಿಗೆ ಆಗಂಗಿಲ್ಲ. ಬ್ರಹ್ಮಜಿನಾಲಯದ ಬಾಜೂಕ ಪುರಾತತ್ವ ಇಲಾಖೆದ ಶಿಲ್ಪಗಳ ಗ್ಯಾಲರಿ ಐತಿ, ನೆರಳಾಗ ನೋಡಬಹುದು.

ಊಟ ಆದ ಮ್ಯಾಲ ಡಂಬಳ. ದೊಡ್ಡಬಸಪ್ಪ ಗುಡಿ 24 ಮೂಲಿ ನಕ್ಷತ್ರದಂಗ ತಿರುವಿ ಕಟ್ಯಾರ, ಹೊರಗಿಂದ ಒಂದು ಸುತ್ತು ಹಾಕ್ರಿ, ಬಿಸಿಲು ಇಳಿಯೋ ಹೊತ್ತಿಗೆ ಒಂದೊಂದು ಮೂಲಿ ನೆರಳು ಮುಂದಿನ ಮೂಲಿ ಮ್ಯಾಲ ಬೀಳ್ತದ, ಫೋಟೋಕ್ಕ ಅದ ಹೊತ್ತು. ಇದ ಡಂಬಳದಾಗ 1095ರ ಶಾಸನ ಒಂದು ಬೌದ್ಧರ ತಾರಾದೇವಿ ಸ್ತುತಿಯಿಂದ ಶುರು ಆಗ್ತದ, ಊರ 16 ಮಂದಿ ಸೆಟ್ಟರು ಸೇರಿ ವಿಹಾರ ಕಟ್ಟಿಸಿದ್ದು ಅದರಾಗ ಐತಿ. ಜಪದ ಬಾವಿ ನೋಡಿ, ಕೆರಿ ದಂಡ್ಯಾಗ ನಿಂತ್ರ ಎದರೀಗೆ ಉದ್ದಕ್ಕ ಕಪ್ಪತಗುಡ್ಡ, ಮ್ಯಾಲ ಗಾಳಿಕಂಬ ತಿರಗ್ತಿರ್ತಾವ. ಅಷ್ಟಕ್ಕ ಮುಗಸ್ರಿ. ಲಕ್ಷ್ಮೇಶ್ವರ, ಗಜೇಂದ್ರಗಡ ಎಲ್ಲಾ ಅದ ದಿನ ತುರುಕಾಕ ಹೋದ್ರ ಗಾಡಿ ಕಿಡಕಿಯಿಂದ ನೋಡಿದ್ದಷ್ಟ ಆಗ್ತದ.

ಪ್ರಶ್ನೆ: ಗುಡಿ ಗುಂಡಾರ ಸಾಕರಿ. ನಾವು ಒಕ್ಕಲುತನದ ಮನಿಯವರು, ನನಗ ಎತ್ತು ಎಮ್ಮಿ ಕುರಿ ನೋಡೋದಂದ್ರ ಖುಷಿ. ಹೊರದೇಶದಾಗ ರಾಂಚ್ ಟೂರಿಸಂ ಅಂತ ಇರ್ತದಂತ ಮೊಮ್ಮಗ ಮೊಬೈಲ್‌ನ್ಯಾಗ ತೋರಿಸಿದ, ಕುದುರಿ ಮ್ಯಾಲ ಕೂತು ದನಾ ಕಾಯೋದು ಅದೆಲ್ಲಾ. ನಮ್ಮ ಕಡೆ ಹಂಗ ಏನರ ಐತೇನು?
(ಒಬ್ಬ ರೈತ, ಹಾವೇರಿ ತಾಲೂಕು)

ಉತ್ತರ: ಯಜಮಾನ್ರ, ಈ ತಿಂಗಳ ಬಂದ ಪತ್ರದಾಗ ನನಗ ಭಾಳ ಸೇರಿದ್ದು ನಿಮ್ಮದ. ಕುದುರಿ ಮ್ಯಾಲ ಕೂತು ಟೋಪಿ ಹಾಕ್ಕೊಂಡು ಫೋಟೋ ತೆಗಿಸೋ ಅಂಗಡಿ ನಮ್ಮಲ್ಲಿ ಇಲ್ಲ, ಆದ್ರ ನೋಡೋದು ಬೇಕಾದಷ್ಟು ಐತಿ.

ಮೊದಲ ನಿಮ್ಮ ಮನಿ ಬಾಜೂಕಿಂದ ಹೇಳ್ತೀನಿ, ಬಂಕಾಪುರ ಕೋಟಿ. ಜನ ನವಿಲು ನೋಡಾಕ ಹೋಗ್ತಾರ, 139 ಎಕರೆ ಕೋಟೆ ಒಳಗ 2006ರಾಗ ನವಿಲುಧಾಮ ಮಾಡ್ಯಾರ. ಆದ್ರ ಅಲ್ಲಿ ನವಿಲು ಉಳದಿದ್ದ ದನದಿಂದ. ಕೋಟಿ ಒಳಗ ಸರಕಾರದ ಕಿಲಾರಿ ತಳಿ ಕೇಂದ್ರ ಐತಿ, ದನಕ್ಕ ಅಂತ ಮೇವು ಬೆಳಿತಾರ, ಆ ಮೇವಿನ ಮರಿ ಒಳಗ ನವಿಲಿಗೆ ಅಡಗಾಕ ಜಾಗ, ಹುಳ ಹುಪ್ಪಡಿ ಊಟ, ಕಂದಕ ಇರೋದ್ರಿಂದ ಹೊರಗಿನ ಕಾಟ ಕಮ್ಮಿ. ಬಿಳಿ ಕಿಲಾರಿ ಹೋರಿ ಹಿಂದುಗಡೆ ನವಿಲು ಸಾಲು ಹಿಡಿದು ಹೋಗೋದು ಮುಂಜಾನಿ ಹೊತ್ತಿನ್ಯಾಗ ಕಾಣ್ತದ, ಮಧ್ಯಾಹ್ನ ಹೋದ್ರ ಒಂದು ಗರಿನೂ ಕಾಣಂಗಿಲ್ಲ. ಗುಡಿ ಸಾಕು ಅಂದ್ರೂ ಅಲ್ಲೇ ಒಳಗ ನಗರೇಶ್ವರ ಗುಡಿ ಐತಿ, ಅರವತ್ತು ಕಂಬದ್ದು, ಕಂಬ ಎಷ್ಟು ನುಣ್ಣಗ ಅಂದ್ರ ಮುಖ ಕಾಣ್ತದ, ಐದು ನಿಮಿಷ ಒಳಗ ಹೋಗಿ ಬರ್ರಿ, ಬಿಸಿಲಿಗರ ತಂಪು ಆಗ್ತದ.

ಎರಡನೇದ್ದು ಧಾರವಾಡಿ ಎಮ್ಮಿ. ಇದಕ್ಕ 2021ರಾಗ ರಾಷ್ಟ್ರ ಮಟ್ಟದಾಗ ಬ್ಯಾರೆ ತಳಿ ಅಂತ ಮಾನ್ಯತೆ ಸಿಕ್ಕೇತಿ, ಕೋಡು ಹಿಂದಕ್ಕ ಬಾಗಿ ಅರ್ಧಚಂದ್ರ ಆಗಿರ್ತಾವ. ಧಾರವಾಡ ಪೇಢಾಕ್ಕ ಭೌಗೋಳಿಕ ಗುರ್ತು (ಜಿಐ ಟ್ಯಾಗ್) 2007ರಾಗ ಬಂತು, ಆ ಪೇಢಾ ಹಿಂದಿನ ಹಾಲು ಕೊಡೋ ಎಮ್ಮಿಗೆ ಹೆಸರು ಬರಾಕ ಮತ್ತ 14 ವರ್ಷ ಹಿಡೀತು, ಇದು ನಮ್ಮ ಪದ್ಧತಿ! ಧಾರವಾಡದ ಕೃಷಿ ವಿಶ್ವವಿದ್ಯಾಲಯದಾಗ ಕೃಷಿಮೇಳ ಆಗ್ತದಲ್ಲ, ಅವಾಗ ಜಾನುವಾರು ಪ್ರದರ್ಶನಕ್ಕ ಹೋಗ್ರಿ, ತಳಿ ತಳಿ ಒಂದ ಕಡೆ ನೋಡಾಕ ಸಿಗ್ತಾವ.

ಮೂರನೇದ್ದು ಕುರಿ. ಇದಕ್ಕ ಬೋರ್ಡೂ ಇಲ್ಲ ಟಿಕೆಟ್ಟೂ ಇಲ್ಲ. ಸುಗ್ಗಿ ಮುಗಿದು ಹೊಲ ಖಾಲಿ ಆದ ಮ್ಯಾಲ ಗದಗ ಮುಂಡರಗಿ ಶಿರಹಟ್ಟಿ ರಸ್ತಾದಾಗ ಹೊರಟ್ರ ಕುರಿಗಾರರ ಹಿಂಡು ಹಿಂಡ ಎದರಾಗ್ತಾವ, ಕುದುರಿ ಮ್ಯಾಲ ಸಾಮಾನು, ಕೋಳಿ, ಸಣ್ಣ ಮರಿ, ಮನಿಮಂದಿ ಎಲ್ಲಾ. ರಾತ್ರಿ ಯಾರದರ ಹೊಲದಾಗ ಕುರಿ ತರಬ್ತಾರ, ಹಿಕ್ಕಿ ಗಂಜಲ ಹೊಲಕ್ಕ ಬೀಳ್ತದ, ರೈತ ರೊಕ್ಕ ಇಲ್ಲಾ ಕಾಳು ಕೊಡ್ತಾನ, ನಿಮಗ ನಾ ಏನು ಹೇಳೋದು ಗೊತ್ತಿದ್ದದ್ದ. ಕರಿ ದಖ್ಖನಿ ಕುರಿ ಉಣ್ಣಿ ಬಿರುಸು, ಸ್ವೆಟರ್‌ಗೆ ಬರಂಗಿಲ್ಲ, ಕಂಬಳಿಗೆ ಮಾತ್ರ. ಈಗ ಮಾಂಸಕ್ಕ ಬ್ಯಾರೆ ತಳಿ ಬಂದು ಉಣ್ಣಿ ಕುರಿ ಕಡಿಮಿ ಆಗ್ಯಾವ, ಕೈಮಗ್ಗದ ಕಂಬಳಿ ಸಿಕ್ಕಲ್ಲಿ ಚೌಕಾಶಿ ಮಾಡದ ತೊಗೋರಿ. ಮತ್ತ ಒಂದು ಮಾತು, ಹಿಂಡಿನ ಸಮೀಪ ಹೋಗೋವಾಗ ಕುರಿಗಾರರನ್ನ ಮೊದಲ ಕೂಗಿ ಮಾತಾಡ್ಸಿ ಹೋಗ್ರಿ, ನಾಯಿ ಬಿಡಂಗಿಲ್ಲ.

ಆಯುಧಪೂಜಿ ಹೊತ್ತಿಗೆ ರಾಣೆಬೆನ್ನೂರು ಹತ್ರ ದೇವರಗುಡ್ಡಕ್ಕ ಹೋಗ್ರಿ, ಮಾಲತೇಶನ ಜಾತ್ರಿ, ಗೊರವಯ್ಯ ಬಿಲ್ಲು ಏರಿ ಕಾರಣಿಕ ನುಡಿತಾನ, ಮಳಿ ಬೆಳಿ ಹೆಂಗ ಅಂತ ಮಂದಿ ಅರ್ಥ ಹಚ್ಚಕೋತ ಕೂಡ್ತಾರ. ಕುರಿ ಕಾಯೋರ ದೇವರು ಅದು, ಹಾಲುಮತದವರ ಸಂಭ್ರಮ ಅಲ್ಲೆ ನೋಡಬೇಕು. ಅಲ್ಲೇ ಆ ಕಡೆ ರಾಣೆಬೆನ್ನೂರು ಕೃಷ್ಣಮೃಗ ಧಾಮ ಐತಿ, 1974ರಾಗ ಆಗಿದ್ದು, 119 ಚದರ ಕಿಲೋಮೀಟರ್. ನೀಲಗಿರಿ ಗಿಡಾ ಭಾಳ ಹಚ್ಚಿಬಿಟ್ಟಾರ, ನನಗ ಅದು ಸೇರಂಗಿಲ್ಲ, ಚಿಗರಿಗೆ ಬಯಲ ಬೇಕು.

ಪ್ರಶ್ನೆ: ಮಾಗಡಿ ಕೆರಿಗೆ ಹೋಗಿದ್ವಿ, ಒಂದೂ ಹಕ್ಕಿ ಇರಲಿಲ್ಲ. ಸುಮ್ನ ಪ್ರಚಾರ ಮಾಡ್ತೀರಿ!
(ಸಿಟ್ಟಾದ ಓದುಗರು, ಗದಗ-ಬೆಟಗೇರಿ)

ಉತ್ತರ: ಯಾವಾಗ ಹೋಗಿದ್ರಿ ಅಂತ ಬರದಿಲ್ಲ, ಬ್ಯಾಸಗ್ಯಾಗ ಹೋಗಿರ್ತೀರಿ. ಶಿರಹಟ್ಟಿ ತಾಲೂಕಿನ ಈ ಕೆರಿಗೆ ಪಟ್ಟೆತಲೆ ಹೆಬ್ಬಾತು ಬರೋದು ನವೆಂಬರ್‌ನಿಂದ, ಫೆಬ್ರುವರಿ ಮುಗಿಯೋದ್ರಾಗ ಹೊಂಟಬಿಡ್ತಾವ. ಮಂಗೋಲಿಯಾ, ಟಿಬೆಟ್, ಲಡಾಖ್ ಕಡಿಂದ ಹಿಮಾಲಯ ಹಾರಿ ಬರೋ ಹಕ್ಕಿ ಅವು, ಇಲ್ಲೆ ಮೇಯೋದೂ ಹೊಲದಾಗ ದನದಂಗ, ಹುಲ್ಲು, ಶೇಂಗಾ, ಕಡ್ಲಿ ಚಿಗುರು. ಹೊತ್ತೇರಿದ ಮ್ಯಾಲ ನೀರಾಗ ನಿದ್ದಿ ಮಾಡ್ತಾವ, ಹೊಲಕ್ಕ ಹೋಗಿ ಬರೋದು ಸಂಜಿ ಮುಂದ, ರಾತ್ರಿ, ನಸುಕಿನ್ಯಾಗ. ಬೆಳಗಾಗೋ ಹೊತ್ತಿಗೆ ಏರಿ ಮ್ಯಾಲ ಇದ್ರ ಗುಂಪು ಗುಂಪ ಇಳಿಯೋದು ಕಾಣ್ತದ. 2024ರ ಜನವರಿಯಾಗ ಇದು ರಾಮ್ಸಾರ್ ಪಟ್ಟಿಗೆ, ಅಂದ್ರ ಜಗತ್ತಿನ ಮಹತ್ವದ ಕೆರಿ-ಜೌಗು ನೆಲದ ಪಟ್ಟಿಗೆ ಸೇರೇತಿ. ಕಡ್ಲಿ ಬಿತ್ತಿದ ರೈತರಿಗೆ ಲುಕ್ಸಾನ ಆದ್ರೂ ಹಕ್ಕಿ ಹೊಡ್ಯಾಂಗಿಲ್ಲ ಆ ಊರ ಮಂದಿ, ನೀವು ಡ್ರೋನ್ ಹಾರಿಸಿ ಎಬ್ಬಸಬ್ಯಾಡ್ರಿ.

ಪ್ರಶ್ನೆ: ಮಕ್ಕಳಿಗೆ ಹಳೇ ಹಳ್ಳಿ ಜೀವನ ತೋರಸಾಕ ಗೊಟಗೋಡಿ ರಾಕ್ ಗಾರ್ಡನ್ ಚಲೋ ಐತೇನು?

ಉತ್ತರ: ಚಲೋ ಐತಿ. ಶಿಗ್ಗಾಂವಿ ತಾಲೂಕು, ಹುಬ್ಬಳ್ಳಿ-ಹಾವೇರಿ ಹೈವೇ ಮ್ಯಾಲನ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ್ದು, ಹಗೇವು, ಗಾಣ, ರಾಶಿ, ಕುರಿ ಕಾಯೋರು, ಹಾಲು ಹಿಂಡೋರು ಎಲ್ಲಾ ಆಳೆತ್ತರದ ಮೂರ್ತಿ, ಮಕ್ಕಳು ನಿಜವಾದ ಎತ್ತು ಅಂತ ಮುಟ್ಟಿ ನೋಡ್ತಾವ. ಟಿಕೆಟ್ ಸ್ವಲ್ಪ ಜಾಸ್ತಿ ಅನಸ್ತದ, ಆದ್ರ ಬಂಕಾಪುರ ಅಲ್ಲೇ ಹತ್ರ, ಮುಂಜಾನಿ ಅಲ್ಲಿ ಖರೇ ಎತ್ತು ತೋರಿಸಿ ಆಮ್ಯಾಲ ಇಲ್ಲಿಗೆ ಕರ್ಕೊಂಡು ಬರ್ರಿ.

ಪ್ರಶ್ನೆ: ನಿಮ್ಮಂಥೋರು ಬರದು ಬರದು ಮಂದಿ ಗುಡ್ಡಕ್ಕ ನುಗ್ಗಿ ಪ್ಲಾಸ್ಟಿಕ್ ಒಗೀತಾರ. ಕಪ್ಪತಗುಡ್ಡನ ಸುಮ್ನ ಬಿಡಬಾರದಾ? ಗಣಿನೂ ಬ್ಯಾಡ ಟೂರಿಸ್ಟೂ ಬ್ಯಾಡ.
(ಒಬ್ಬ ಓದುಗರು, ಮುಂಡರಗಿ)

ಉತ್ತರ: ನಿಮ್ಮ ಸಿಟ್ಟು ಅರ್ಥ ಆಗ್ತದ, ಆದ್ರ ಪೂರಾ ಒಪ್ಪಂಗಿಲ್ಲ. ಈ ಗುಡ್ಡ ಉಳದದ್ದ ಮಂದಿ ಇದನ್ನ ತಮ್ಮದು ಅಂದಿದ್ದಕ್ಕ. 2015ರಾಗ ಸಂರಕ್ಷಿತ ಪ್ರದೇಶ ಅಂತ ಮಾಡಿದ್ರು, 2016ರ ನವೆಂಬರ್‌ದಾಗ ವಾಪಸ್ ತೊಗೊಂಡ್ರು, ಆವಾಗ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದ ನಿಂತ್ರು, ರೈತರು, ಸಾಹಿತಿಗಳು, ಕಾಲೇಜು ಹುಡುಗ್ರು, ನಂದಿವೇರಿ ಮಠದ ಸ್ವಾಮಿಗಳು ಎಲ್ಲಾ ಬೀದಿಗೆ ಇಳದ್ರು, 2017ರ ಏಪ್ರಿಲ್‌ದಾಗ ಮತ್ತ ಆ ಸ್ಥಾನ ಸಿಕ್ತು, 2019ರಾಗ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿ ಧಾಮ ಆತು. ಸ್ವಾಮೀಜಿ 2018ರಾಗ ಹೋಗಿಬಿಟ್ರು, ಅದನ್ನ ನೋಡಲಿಲ್ಲ. ಅದಕ್ಕೂ ಮೊದಲ 2011ರಾಗ ಹಳ್ಳಿಗುಡಿ ಹತ್ರ ಉಕ್ಕಿನ ಕಾರ್ಖಾನಿ ಬರೋದಿತ್ತಲ್ಲ, ಅದನ್ನೂ ಇದ ಮಂದಿ ನಿಲ್ಲಿಸಿದ್ದು.

ಎಪ್ಪತ್ತು ಗಿರಿ ನೋಡೋದಕ್ಕಿಂತ ಕಪ್ಪತಗಿರಿ ನೋಡು ಅಂತ ನಮ್ಮ ಹಿರ್ಯಾರ ಮಾತು ಐತಿ, ನೋಡಬ್ಯಾಡ್ರಿ ಅಂತ ನಾ ಹೆಂಗ ಹೇಳ್ಲಿ? ಔಷಧಿ ಗಿಡಾ ಗುರ್ತು ಹಿಡಿಯೋ ಅಜ್ಜಂದಿರು ಇನ್ನೂ ಅದಾರ, ತೋಳ, ಕತ್ತೆಕಿರುಬ, ಚಿರತಿ ಅದಾವ. ಶ್ರಾವಣದಾಗ ಕಪ್ಪತಮಲ್ಲೇಶ್ವರಕ್ಕ, ಗಾಳಿಗುಂಡಿ ಬಸವಣ್ಣಗ ಹೋಗೋ ಭಕ್ತರ ದಾರಿ ಐತಿ, ಆ ದಾರ್ಯಾಗ ಹೋಗಿ ಆ ದಾರ್ಯಾಗ ಬಂದ್ರ ಗುಡ್ಡಕ್ಕ ತ್ರಾಸಿಲ್ಲ. ನುಗ್ಗಿ ಒಗಿಯೋರ ಬಗ್ಗೆ ನಿಮ್ಮ ಮಾತು ಖರೇ, ಬುಡದಾಗ ಚೆಕ್ ಮಾಡಿ ಬಾಟ್ಲಿಗೆ ರೊಕ್ಕ ಇಟ್ಕೊಂಡು, ಖಾಲಿ ಬಾಟ್ಲಿ ವಾಪಸ್ ತಂದ್ರ ಕೊಡೋ ಪದ್ಧತಿ ಮಾಡಿದ್ರ ಅರ್ಧ ಕಸಾ ನಿಲ್ತದ ಅಂತ ನನ್ನ ಅನಿಸಿಕೆ.

ಪ್ರಶ್ನೆ: ದೀಪಾವಳಿ ಆದ ಮ್ಯಾಲ ಹಾವೇರಿ ಕಡೆ ಕೊಬ್ಬರಿ ಹೋರಿ ನೋಡಬೇಕು ಅಂತ ಆಸಿ. ಎಲ್ಲಿ ನಿಂತ್ರ ಚಲೋ ಕಾಣ್ತದ? ಹೆಣ್ಣುಮಕ್ಕಳು ಹೋಗಬಹುದಾ?
(ಒಬ್ಬ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಹೋಗಬಹುದು, ಭಾಳ ಮಂದಿ ಹೋಗ್ತಾರ. ಹೋರಿಗೆ ಕೊಬ್ಬರಿ ಸರ, ಬಲೂನು, ಜೂಲಾ ಕಟ್ಟಿ ಬಿಡ್ತಾರ, ಓಡೋ ಹೋರಿಯಿಂದ ಕೊಬ್ಬರಿ ಹರಕೊಳ್ಳೋದು ಆಟ. ಓಣ್ಯಾಗ, ಓಟದ ದಾರಿ ಬಾಯಾಗ ನಿಂತು ಮೊಬೈಲ್ ಹಿಡಕೊಂಡ್ರ ಮಾತ್ರ ಗ್ಯಾರಂಟಿ ಪೆಟ್ಟು, ಪ್ರತಿ ವರ್ಷ ಜೀವ ಹೋಗ್ತಾವ, ಅದೂ ಆಡೋರಕ್ಕಿಂತ ನೋಡಾಕ ನಿಂತೋರದ್ದು ಜಾಸ್ತಿ ಸುದ್ದಿ ಬರ್ತದ. ಗುರ್ತಿನೋರ ಮನಿ ಮಾಳಿಗಿ ಸಿಕ್ರ ಅದಕ್ಕಿಂತ ಚಲೋ ಜಾಗ ಇಲ್ಲ, ಇಲ್ಲಂದ್ರ ಬ್ಯಾರಿಕೇಡ್ ಹಿಂದಿನ ಟ್ರ್ಯಾಕ್ಟರ್ ಟ್ರೇಲರ್ ಮ್ಯಾಲ ಹತ್ರಿ, ಹೋರಿ ಬಿಡೋ ಕಡೆ ಅಲ್ಲ, ದಾರಿ ನಡುವಿನ ಜಾಗ ಹಿಡಿರಿ. ಕೆಂಪು ಅಂಗಿ ಹಾಕ್ಕೋಬಾರದು ಅಂತ ಹೆದರಸ್ತಾರ, ಎತ್ತಿಗೆ ಕೆಂಪು ಬಣ್ಣ ನಮಗ ಕಂಡಂಗ ಕಾಣಂಗಿಲ್ಲ, ಅದು ಬೆದರೋದು ಗದ್ದಲಕ್ಕ, ಓಡಾಟಕ್ಕ. ಮಧ್ಯಾಹ್ನದೊಳಗ ಹೋಗ್ರಿ, ಆಮ್ಯಾಲ ಗಾಡಿ ನಿಲ್ಲಸಾಕ ಜಾಗ ಸಿಗಂಗಿಲ್ಲ, ನೀರು, ಒಂದು ಟೋಪಿ, ತಿನ್ನಾಕ ಏನರ ಕಟ್ಕೊಂಡು ಹೋಗ್ರಿ.